ಒಂದೇ ಮಗು, ಅದಕ್ಕೂ ಮಾತು ತಡ: ಯಾವ್ದು ಕಾರಣ, ಯಾವ್ದು ಅಲ್ಲ, ಮನೇಲಿ ಏನ್ ಮಾಡ್ಬಹುದು

"ಒಂದೇ ಮಗು ಅಲ್ವಾ, ಆಡೋಕೆ ಜೊತೆ ಯಾರಿದಾರೆ ಪಾಪ, ಅದಕ್ಕೇ ಮಾತು ಬಂದಿಲ್ಲ, ಇನ್ನೊಂದು ಮಾಡ್ಕೊಂಬಿಡಿ ತಾನಾಗೇ ಬರುತ್ತೆ." ಮೈಸೂರು ಮಂಡ್ಯ ಕಡೆ ಎರಡು ವರ್ಷ ಆದ್ರೂ ಮಾತಾಡದ ಮಗು ಇರೋ ಮನೆಗೆ ಈ ಸಲಹೆ ಒಂದಲ್ಲ ಒಂದು ದಿನ ಬಂದೇ ಬರುತ್ತೆ. ಮದುವೆ ಊಟದ ಪಂಕ್ತೀಲಿ ಪಕ್ಕ ಕೂತೋರು ಹೇಳ್ತಾರೆ, ಡೈರಿ ಹತ್ರ ಹಾಲಿಗೆ ನಿಂತೋರು ಹೇಳ್ತಾರೆ. ಇದರ ಜೊತೆಗೇ ಬರೋ ಇನ್ನೊಂದು ಮಾತು, "ಅವರಪ್ಪನೂ ಮೂರು ವರ್ಷಕ್ಕೆ ಬಾಯಿ ಬಿಟ್ಟಿದ್ದು, ಈಗ ನೋಡಿ ಬಾಯಿ ಮುಚ್ಚಲ್ಲ." ಮೂರನೇದಂತೂ ಗೊತ್ತೇ ಇದೆ, ಎಲ್ಲಾ ಮೊಬೈಲಿಂದ. ಮೂರರಲ್ಲೂ ಚೂರುಚೂರು ನಿಜ ಇದೆ, ಆದ್ರೆ ಮೂರನ್ನೂ ಪೂರ್ತಿ ನಂಬಿ ಕೂತ್ರೆ ಒಂದು ವರ್ಷ ಹಾಗೇ ಕಳೆದು ಹೋಗುತ್ತೆ, ಮಗುಗೆ ಆ ಒಂದು ವರ್ಷ ತುಂಬಾ ದೊಡ್ಡದು.

ಮೊದಲು ಒಂದೇ ಮಗು ವಿಷಯ. ಒಂಟಿಯಾಗಿ ಬೆಳೆಯೋದ್ರಿಂದ ಮಾತು ತಡ ಆಗುತ್ತೆ ಅನ್ನೋದಾಗಿದ್ರೆ ಪ್ರತಿ ಮನೆಯ ಮೊದಲನೇ ಮಗುಗೂ ತಡ ಆಗ್ಬೇಕಿತ್ತು, ಯಾಕಂದ್ರೆ ಎರಡನೇದು ಹುಟ್ಟೋವರೆಗೂ ಅದೂ ಒಂದೇ ಮಗುನೇ. ಆದ್ರೆ ಮಕ್ಕಳ ಭಾಷೆ ಬಗ್ಗೆ ಸಂಶೋಧನೆ ಮಾಡ್ದೋರು ಕಂಡಿರೋದು ಹೆಚ್ಚುಕಮ್ಮಿ ಉಲ್ಟಾ, ಮೊದಲನೇ ಮಕ್ಕಳೇ ಪದಗಳನ್ನ ಸ್ವಲ್ಪ ಬೇಗ ಕಲೀತಾರೆ, ಅಪ್ಪ ಅಮ್ಮ ಅವರ ಮುಖ ನೋಡ್ಕೊಂಡು ನೇರವಾಗಿ ಮಾತಾಡೋದು ಜಾಸ್ತಿ ಅಲ್ವಾ ಅದಕ್ಕೆ. ಹಾಗಾಗಿ ಮಾತಿಗೋಸ್ಕರ ಎರಡನೇ ಮಗು ಅನ್ನೋ ಲೆಕ್ಕಾಚಾರಕ್ಕೆ ಆಧಾರ ಇಲ್ಲ. ಎರಡನೇ ಮಗು ಬೇಕಾ ಬೇಡ್ವಾ ಅನ್ನೋದು ಗಂಡ ಹೆಂಡತಿ ತಮ್ಮ ಜೇಬು, ಆರೋಗ್ಯ, ಮನಸ್ಸು ನೋಡ್ಕೊಂಡು ತಗೊಳ್ಳೋ ತೀರ್ಮಾನ, ಅದನ್ನ ಮೊದಲನೇ ಮಗುಗೆ ಔಷಧಿ ಥರ ಬರ್ಕೊಡೋದು ಎರಡೂ ಮಕ್ಕಳಿಗೆ ಅನ್ಯಾಯ.

ಆದ್ರೆ ಒಂದೇ ಮಗು ಇರೋ ಮನೇಲಿ ಬೇರೆ ಒಂದು ಆಗುತ್ತೆ, ಇದನ್ನ ಯಾರೂ ಹೇಳಲ್ಲ. ತಡ ಆಗಿರೋದು ತಡವಾಗಿ ಕಣ್ಣಿಗೆ ಬೀಳುತ್ತೆ. ಹೋಲಿಸಿ ನೋಡೋಕೆ ಅಣ್ಣನೋ ಅಕ್ಕನೋ ಇಲ್ಲ, ಈ ವಯಸ್ಸಿಗೆ ದೊಡ್ಡದು ಏನ್ ಮಾತಾಡ್ತಿತ್ತು ಅನ್ನೋ ನೆನಪು ಅಮ್ಮನಿಗೆ ಇರೋಕೆ ಸಾಧ್ಯ ಇಲ್ಲ. ಮೇಲಾಗಿ ಒಂದು ಮಗುಗೆ ಅಪ್ಪ, ಅಮ್ಮ, ಅಜ್ಜಿ, ತಾತ ಅಂತ ನಾಲ್ಕು ಜನ ಕಾವಲು. ಅದು ಫ್ರಿಜ್ ಕಡೆ ನೋಡಿದ್ರೆ ಹಾಲು ಬರುತ್ತೆ, ಬಾಗಿಲ ಕಡೆ ನೋಡಿದ್ರೆ ತಾತ ಚಪ್ಪಲಿ ಹಾಕ್ಕೊಂಡು ರೆಡಿ, "ಊಂ" ಅಂದ್ರೆ ಯಾವ "ಊಂ" ಅಂತ ಅಜ್ಜಿಗೆ ಗೊತ್ತು. ಮಂಡ್ಯ ಕಡೆ ಹಳ್ಳೀಲಿ ಬಿಟ್ಟಿರೋ ಮೊಮ್ಮಗನ ಬಗ್ಗೆ ಅಜ್ಜಿ ಹೇಳೋದು ಕೇಳಿ, "ನಮ್ ಕೂಸು ಎಲ್ಲಾನೂ ತಿಳ್ಕತದೆ ಬುಡವ್ವ, ಬಾಯಿ ಒಂದ್ ಬುಡಕ್ಕಿಲ್ಲ ಅಷ್ಟೇಯ." ಅಜ್ಜಿ ಸುಳ್ಳು ಹೇಳ್ತಿಲ್ಲ, ಆದ್ರೆ ಮಗು ಅರ್ಥ ಮಾಡ್ಕೊಳ್ತಿರೋದು ಮಾತನ್ನಾ, ಇಲ್ಲಾ ಅಜ್ಜಿ ಕೈ ತೋರಿಸೋದನ್ನ, ಕಣ್ಣು ಹಾಯ್ಸೋದನ್ನ, ದಿನಾ ಅದೇ ಟೈಮಿಗೆ ಅದೇ ಕೆಲಸ ನಡೆಯೋದನ್ನಾ ಅನ್ನೋದು ಮನೇಲಿ ಇರೋರಿಗೆ ಗೊತ್ತಾಗಲ್ಲ. ಹೀಗೆ ಮುದ್ದು ಮಾಡೋದೇ ತೊಂದರೆ ತಂದಿದ್ದು ಅಂತ ಅಲ್ಲ, ಅದು ತೊಂದರೆನ ಮುಚ್ಚಿಡುತ್ತೆ, ಬಾಯಿ ಬಿಡೋ ಅವಕಾಶನೂ ಕಮ್ಮಿ ಮಾಡುತ್ತೆ.

ಹಾಗಾದ್ರೆ ತಡ ಅಂತ ಯಾವಾಗ ಅನ್ನೋದು? ಮಾತು ಅಂದ್ರೆ ಮೊದಲನೇ ಪದದಿಂದ ಶುರು ಅಂತ ನಾವು ಅಂದ್ಕೊಂಡಿದೀವಿ, ಅದು ಶುರುವಾಗೋದು ಅದಕ್ಕಿಂತ ಎಷ್ಟೋ ಮುಂಚೆ. ಆರರಿಂದ ಒಂಬತ್ತು ತಿಂಗಳ ಒಳಗೆ "ಬಬಬ", "ದದದ" ಅನ್ನೋ ತೊದಲು, ಒಂದು ವರ್ಷದ ಹೊತ್ತಿಗೆ ಟಾಟಾ ಮಾಡೋದು, ಕೈ ಎತ್ತಿ ಎತ್ಕೋ ಅನ್ನೋದು, ಹೆಸರು ಕರೆದ್ರೆ ತಿರುಗೋದು, ಒಂದು ಪದ. ಆಮೇಲೆ ಬೆರಳು ಮಾಡಿ ತೋರಿಸೋದು, ಅದರಲ್ಲೂ ಬೇಕು ಅಂತ ತೋರಿಸೋದಷ್ಟೇ ಅಲ್ಲ, "ಅಗೋ ನೋಡು ಕಾಗೆ" ಅಂತ ನಿಮಗೆ ತೋರಿಸೋಕೋಸ್ಕರ ತೋರಿಸೋದು. ಎರಡು ವರ್ಷಕ್ಕೆ ಸುಮಾರು ಐವತ್ತು ಪದ, ಎರಡು ಪದ ಸೇರಿಸಿ "ಅಮ್ಮ ಬಾ", "ಬಸ್ಸು ಹೋಯ್ತು" ಅನ್ನೋದು ಬರ್ಬೇಕು ಅಂತ ಚಿಕಿತ್ಸಕರು ಬಹಳ ಕಾಲದಿಂದ ಬಳಸೋ ಲೆಕ್ಕ. ಪದ ಎಣಿಸುವಾಗ ಜಿಪುಣತನ ಬೇಡ, "ಅಂಬಾ", "ಬೌ ಬೌ", "ಮಮ್ಮು", "ಜೋಜೋ" ಎಲ್ಲಾನೂ ಪದನೇ, ಪ್ರತಿ ಸಲ ಅದೇ ಅರ್ಥಕ್ಕೆ ಬಳಸಿದ್ರೆ ಸಾಕು, ಉಚ್ಚಾರ ಸರಿ ಇರ್ಬೇಕಂತಿಲ್ಲ. ಒಂದು ವರ್ಷಕ್ಕೂ ತೊದಲು ಇಲ್ಲ, ಸನ್ನೆ ಇಲ್ಲ, ಹದಿನಾರು ತಿಂಗಳಿಗೂ ಒಂದು ಪದ ಇಲ್ಲ, ಎರಡು ವರ್ಷಕ್ಕೂ ತಾನಾಗೇ ಎರಡು ಪದ ಜೋಡಿಸ್ತಿಲ್ಲ ಅಂದ್ರೆ ತೋರಿಸ್ಬೇಕು. ಇನ್ನು ಬರ್ತಿದ್ದ ಮಾತು ನಿಂತೇ ಹೋಯ್ತು ಅಂದ್ರೆ ವಯಸ್ಸು ಎಷ್ಟೇ ಇರ್ಲಿ ಆ ವಾರನೇ ತೋರಿಸ್ಬೇಕು, ಅದಕ್ಕೆ "ದೃಷ್ಟಿ ಆಗಿದೆ" ಅಂತ ಕೂರೋದು ಬೇಡ.

"ಅವರಪ್ಪನೂ ಲೇಟು" ಅನ್ನೋದಕ್ಕೆ ಈಗ ಬರೋಣ. ಎರಡು ವರ್ಷಕ್ಕೆ ಮಾತು ಕಮ್ಮಿ ಇರೋ ಮಕ್ಕಳು ಅಪರೂಪ ಏನಲ್ಲ, ಹತ್ತು ಮಕ್ಕಳಲ್ಲಿ ಒಂದು ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸ್ಕೂಲಿಗೆ ಹೋಗೋ ಹೊತ್ತಿಗೆ ಬಹುಪಾಲು ಸರಿಹೋಗ್ತಾರೆ, ಅದಕ್ಕೇ ಊರಲ್ಲೆಲ್ಲಾ ಇಂಥ ಕಥೆ ಸಿಗೋದು. ಸರಿಹೋಗದೇ ಇರೋ ಮಕ್ಕಳ ಕಥೆನ ಯಾರೂ ಮದುವೆ ಮನೇಲಿ ಹೇಳಲ್ಲ ನೋಡಿ. ಯಾವ ಮಗು ಸರಿಹೋಗುತ್ತೆ ಅಂತ ಮುಂಚೆನೇ ಗ್ಯಾರಂಟಿಯಾಗಿ ಹೇಳೋಕೆ ಆಗಲ್ಲ, ಆದ್ರೆ ಸುಳಿವುಗಳಿವೆ. ಹೇಳಿದ್ದು ಅರ್ಥ ಆಗೋದು ಕಮ್ಮಿ, ಸನ್ನೆ ಕಮ್ಮಿ, ಬೊಂಬೆಗೆ ಊಟ ಮಾಡಿಸೋ ಥರದ ಸುಳ್ಳುಸುಳ್ಳೇ ಆಟ ಇಲ್ಲ, ಬಾಯಲ್ಲಿ ಬರೋ ವ್ಯಂಜನಗಳೇ ಎರಡೋ ಮೂರೋ, ಇವೆಲ್ಲ ಕಾದು ಕೂರ್ಬೇಡಿ ಅನ್ನೋ ಸೂಚನೆ. ಮನೆತನದಲ್ಲಿ ಯಾರಿಗಾದ್ರೂ ತಡ ಆಗಿತ್ತು ಅನ್ನೋದೂ ಇದೇ ಪಟ್ಟಿಗೆ ಸೇರುತ್ತೆ! ಅಂದ್ರೆ ನಾವು ಸಮಾಧಾನಕ್ಕೆ ಹೇಳ್ಕೊಳ್ಳೋ ಮಾತೇ ಡಾಕ್ಟರ ಕಣ್ಣಲ್ಲಿ ಬೇಗ ತೋರಿಸೋಕೆ ಒಂದು ಕಾರಣ.

ತೋರಿಸೋದು ಅಂದ್ರೆ ಮೊದಲು ಕಿವಿ. ಬೇರೆ ಏನೇ ಅನುಮಾನ ಇದ್ರೂ, ಆಟಿಸಂ (ಬೇರೆಯೋರ ಜೊತೆ ಬೆರೆಯೋದು, ಹೇಳ್ಕೊಳ್ಳೋದು ಕಷ್ಟ ಆಗೋ ಬೆಳವಣಿಗೆಯ ತೊಂದರೆ) ಇರ್ಬಹುದಾ ಅನ್ನೋ ಭಯ ಇದ್ರೂ, ಮೊದಲು ಕಿವಿ ಟೆಸ್ಟ್. "ನಮ್ಮ ಮಗು ಕಿವಿ ಚೆನ್ನಾಗೇ ಕೇಳ್ಸುತ್ತೆ, ಕುಕ್ಕರ್ ವಿಶಲ್ ಹೊಡೆದ್ರೆ ಬೆಚ್ಚಿ ಬೀಳುತ್ತೆ" ಅಂತಾರೆ. ಕುಕ್ಕರ್ ವಿಶಲ್ಲು, ಬಾಗಿಲು ಬಡಿಯೋದು, ಪಟಾಕಿ ಇವೆಲ್ಲ ಜೋರು ಸದ್ದು, ಅರ್ಧಂಬರ್ಧ ಕೇಳಿಸೋ ಮಗುಗೂ ಕೇಳ್ಸುತ್ತೆ. ಕಷ್ಟ ಇರೋದು ಮಾತಲ್ಲಿರೋ ಸಣ್ಣ ಸದ್ದಲ್ಲಿ, "ಸ", "ಶ", "ತ" ಇಂಥವು ತಪ್ಪಿ ಹೋದ್ರೆ ಮಗುಗೆ ಮಾತು ಅನ್ನೋದು ಬರೀ ಗೊಣಗಾಟ. ಇನ್ನು ಪದೇ ಪದೇ ನೆಗಡಿ ಆಗೋ ಮಕ್ಕಳಿಗೆ ಕಿವಿತಮಟೆ ಹಿಂದೆ ನೀರು ಥರ ಸೇರ್ಕೊಂಡು ಒಂದು ವಾರ ಕೇಳ್ಸುತ್ತೆ ಒಂದು ವಾರ ಕೇಳ್ಸಲ್ಲ, ನೋವೂ ಇರಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ಇನ್ನೂ ಇದೆ, ಅಂಥ ಮನೆಗಳಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಜಾಸ್ತಿ, ಇದನ್ನ ಹೇಳೋದು ಯಾರನ್ನೂ ದೂರೋಕಲ್ಲ, ಅಲ್ಲಿ ಟೆಸ್ಟ್ ಇನ್ನೂ ಬೇಗ ಆಗ್ಲಿ ಅಂತ.

ಟೆಸ್ಟ್ ಬಗ್ಗೆ ಹೆದರಿಕೆ ಬೇಡ. ಓಎಇ ಅಂದ್ರೆ ಕಿವಿಗೆ ಒಂದು ಸಣ್ಣ ಬಿರಡೆ ಥರದ್ದು ಇಟ್ಟು ಸದ್ದು ಕಳಿಸಿ ಒಳಕಿವಿ ಅದಕ್ಕೆ ಉತ್ತರ ಕೊಡ್ತಿದೆಯಾ ಅಂತ ನೋಡೋದು, ಕೆಲವೇ ನಿಮಿಷ. ಬೆರಾ ಟೆಸ್ಟ್ ಅನ್ನೋದು ತಲೆಗೆ ವೈರು ಅಂಟಿಸಿ ಸದ್ದು ನರದಲ್ಲಿ ಮಿದುಳಿನ ಕಡೆ ಹೋಗ್ತಿದೆಯಾ ಅಂತ ನೋಡೋದು, ಇದಕ್ಕೆ ಮಗು ನಿದ್ದೆ ಮಾಡ್ಬೇಕು, ಅದಕ್ಕೇ ಬೆಳಗ್ಗೆ ಬೇಗ ಎಬ್ಬಿಸಿ ದಾರೀಲಿ ಮಲಗಿಸದೇ ಕರ್ಕೊಂಡು ಬನ್ನಿ ಅಂತಾರೆ. ಮಂಡ್ಯದಿಂದ ರೈಲಲ್ಲಿ ಬರೋರಿಗೆ ಇದೇ ದೊಡ್ಡ ಸಾಹಸ, ಶ್ರೀರಂಗಪಟ್ಟಣ ದಾಟೋ ಅಷ್ಟರಲ್ಲಿ ಮಗು ತೂಕಡಿಸಿ ಆಸ್ಪತ್ರೆಗೆ ಬಂದ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತೆ. ಹುಟ್ಟಿದ ಮಗುಗೆ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು, ಇದು ಎಲ್ಲಾ ಕಡೆ ಒಪ್ಪಿರೋ ಗುರಿ. ಹೆರಿಗೆ ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ, ಹಿಯರಿಂಗ್ ಸ್ಕ್ರೀನಿಂಗ್ ಮಾಡಿದ್ರೆ ಅದರಲ್ಲಿ ಬರ್ದಿರ್ತಾರೆ. ಆಗ ಪಾಸ್ ಆಗಿದ್ರೂ ಈಗ ಮಾತು ತಡ ಅಂದ್ರೆ ಮತ್ತೆ ಮಾಡಿಸ್ಬೇಕು, ಕೆಲವು ತೊಂದರೆ ಆಮೇಲೆ ಬರುತ್ತೆ.

ಎಲ್ಲಿ ಅಂತ ಕೇಳಿದ್ರೆ ಮೈಸೂರು ಮಂಡ್ಯದೋರ ಅದೃಷ್ಟಕ್ಕೆ ಕೈಗೆಟುಕೋ ದೂರದಲ್ಲೇ ಇದೆ. ಮಾನಸಗಂಗೋತ್ರೀಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನ ಆಯಿಷ್ ಅಂತಾರೆ, ಹಳಬರು ಈಗಲೂ "ಸ್ಪೀಚ್ ಅಂಡ್ ಹಿಯರಿಂಗು" ಅಂತಾರೆ. 1965ರಲ್ಲಿ ಶುರುವಾಗಿದ್ದು, ಕೇಂದ್ರ ಆರೋಗ್ಯ ಇಲಾಖೆ ಕೆಳಗೆ ಬರುತ್ತೆ, ಬೇರೆ ಬೇರೆ ರಾಜ್ಯದಿಂದ ಜನ ಇಲ್ಲಿ ರೂಮ್ ಮಾಡ್ಕೊಂಡು ಇದ್ದು ಮಕ್ಕಳಿಗೆ ತೋರಿಸ್ತಾರೆ, ನಾವು ಸರಸ್ವತಿಪುರಂ ಇಂದ ಆಟೋದಲ್ಲಿ ಹೋಗೋಕೆ ಯೋಚಿಸ್ತೀವಿ. ಅಲ್ಲಿ ಕಿವಿ ಪರೀಕ್ಷೆ, ಮಾತು ಭಾಷೆ ಪರೀಕ್ಷೆ, ಸೈಕಾಲಜಿಸ್ಟ್, ಇಎನ್‌ಟಿ ಡಾಕ್ಟರು ಎಲ್ಲಾ ಒಂದೇ ಕ್ಯಾಂಪಸ್ಸಲ್ಲಿ ಸಿಗ್ತಾರೆ. ಥೆರಪಿ ಕೊಡೋರು ಎಷ್ಟೋ ಸಲ ಸ್ಟೂಡೆಂಟ್ಸ್, ಮೇಲೆ ಸೀನಿಯರ್ಸ್ ನೋಡ್ಕೊಳ್ತಿರ್ತಾರೆ, "ಓದ್ತಿರೋ ಹುಡುಗೀರ ಕೈಗೆ ಕೊಡ್ತಾರೆ" ಅಂತ ಮೂಗು ಮುರಿಯೋರಿದಾರೆ, ನನಗಂತೂ ನೆಲದ ಮೇಲೆ ಕೂತು ಮಗು ಜೊತೆ ಮಗು ಆಗಿ ಆಡೋಕೆ ಆ ವಯಸ್ಸೇ ಸರಿ ಅನ್ಸುತ್ತೆ. ಅಲ್ಲೇ ಪ್ರೀಸ್ಕೂಲೂ ಇದೆ. ದೂರದೋರಿಗೆ ಆನ್‌ಲೈನ್ ಥೆರಪಿ ವ್ಯವಸ್ಥೆನೂ ಇದೆ. ಹಳ್ಳೀಲಿರೋರು ಅಂಗನವಾಡಿಗೆ ಆರ್‌ಬಿಎಸ್‌ಕೆ ಟೀಮ್ ಬಂದಾಗ ಹೇಳ್ಬೇಕು, 2013ರಲ್ಲಿ ಶುರುವಾದ ಮಕ್ಕಳ ಆರೋಗ್ಯ ಕಾರ್ಯಕ್ರಮ ಅದು, ಬೆಳವಣಿಗೆ ತಡ ಆಗಿರೋ ಮಕ್ಕಳನ್ನ ಗುರುತಿಸಿ ಮುಂದಕ್ಕೆ ಕಳಿಸೋದೂ ಅವರ ಕೆಲಸನೇ. ಖಾಸಗಿ ಕ್ಲಿನಿಕ್ಕಿಗೆ ಹೋಗೋದಾದ್ರೆ ಥೆರಪಿಸ್ಟ್‌ಗೆ ಆರ್‌ಸಿಐ, ಅಂದ್ರೆ ಭಾರತೀಯ ಪುನರ್ವಸತಿ ಪರಿಷತ್ತಿನ ರಿಜಿಸ್ಟ್ರೇಶನ್ ಇದೆಯಾ ಅಂತ ಕೇಳಿ, ಕೇಳೋದ್ರಲ್ಲಿ ನಾಚಿಕೆ ಏನಿಲ್ಲ.

ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿ ಆರ್‌ಎಲ್‌ಎ, ಇಎಲ್‌ಎ ಅಂತ ಎರಡು ವಯಸ್ಸು ಇರ್ಬಹುದು, ಅದನ್ನ ನೋಡಿ ಎಷ್ಟೋ ಅಪ್ಪ ಅಮ್ಮ ಗಾಬರಿ ಆಗ್ತಾರೆ. ಮೊದಲನೇದು ಮಗು ಎಷ್ಟು ವಯಸ್ಸಿನ ಮಟ್ಟಕ್ಕೆ ಮಾತನ್ನ ಅರ್ಥ ಮಾಡ್ಕೊಳ್ಳುತ್ತೆ ಅನ್ನೋದು, ಎರಡನೇದು ಎಷ್ಟು ವಯಸ್ಸಿನ ಮಟ್ಟಕ್ಕೆ ಹೊರಗೆ ಹೇಳುತ್ತೆ ಅನ್ನೋದು. ಎರಡೂವರೆ ವರ್ಷದ ಮಗುಗೆ ಅರ್ಥ ಆಗೋದು ಎರಡೂವರೆ ಮಟ್ಟದಲ್ಲೇ ಇದ್ದು ಹೇಳೋದು ಮಾತ್ರ ಒಂದೂಕಾಲು ಮಟ್ಟ ಇದ್ರೆ ಅದು ಒಂದು ಥರದ ಕಥೆ, ಎರಡೂ ಒಂದೂಕಾಲಲ್ಲಿ ನಿಂತಿದ್ರೆ ಇನ್ನೊಂದು ಥರದ್ದು, ಎರಡನೇದಕ್ಕೆ ಗಮನ ಜಾಸ್ತಿ ಬೇಕು. ಅರ್ಥ ಆಗುತ್ತಾ ಅಂತ ಮನೇಲೇ ನೋಡ್ಬೇಕು ಅಂದ್ರೆ ಕೈ ತೋರಿಸದೇ, ಕಣ್ಣಲ್ಲೂ ಆ ಕಡೆ ನೋಡದೇ, ಆ ಹೊತ್ತಲ್ಲಿ ದಿನಾ ಮಾಡದೇ ಇರೋ ಕೆಲಸ ಒಂದು ಹೇಳಿ ನೋಡಿ, "ಚಪ್ಪಲಿ ತಗೊಂಡು ಬಂದು ತಾತಂಗೆ ಕೊಡು" ಅಂತ, ಊಟದ ಮಧ್ಯೆ. ಆಗ ಗೊತ್ತಾಗುತ್ತೆ.

ಕಾರಣಗಳು ಬೇಜಾನ್ ಇವೆ, ಎಲ್ಲಾ ಒಂದೇ ಅಲ್ಲ. ಕೆಲವರದ್ದು ಬರೀ ತಡ. ಕೆಲವರಿಗೆ ಕಿವಿ. ಕೆಲವು ಮಕ್ಕಳಿಗೆ ಬೇರೆ ಯಾವ ತೊಂದರೆನೂ ಇಲ್ಲದೇ ಭಾಷೆ ಕಲಿಯೋದೇ ಕಷ್ಟ, ಇದು ಸ್ಕೂಲಿನ ವಯಸ್ಸಲ್ಲಿ ಸುಮಾರು ಹದಿನಾಲ್ಕು ಮಕ್ಕಳಲ್ಲಿ ಒಂದಕ್ಕೆ ಇರುತ್ತೆ ಅಂತ ಇಂಗ್ಲೆಂಡಲ್ಲಿ ನಡೆದ ಅಧ್ಯಯನ ತೋರಿಸಿದೆ, ಅಂದ್ರೆ ಒಂದು ಕ್ಲಾಸ್‌ರೂಮಲ್ಲಿ ಇಬ್ಬರೋ ಮೂವರೋ, "ದಡ್ಡ" ಅಂತ ಬೈಸ್ಕೊಂಡು ಹಿಂದಿನ ಬೆಂಚಲ್ಲಿ ಕೂರೋರಲ್ಲಿ ಇವರು ಎಷ್ಟು ಜನಾನೋ. ಕೆಲವರಿಗೆ ಏನ್ ಹೇಳ್ಬೇಕು ಅಂತ ಗೊತ್ತಿದ್ರೂ ತುಟಿ ನಾಲಿಗೆಗೆ ಆ ಚಲನೆ ಜೋಡಿಸೋಕೆ ಆಗಲ್ಲ, ಇವತ್ತು ಹೇಳಿದ ಪದ ನಾಳೆ ಬರಲ್ಲ. ಕೆಲವರಲ್ಲಿ ಒಟ್ಟಾರೆ ಬೆಳವಣಿಗೆನೇ ನಿಧಾನ. ಆಟಿಸಂ ಅನ್ನೋದಾದ್ರೆ ಮಾತು ಇಲ್ಲ ಅನ್ನೋದೊಂದೇ ಗುರುತಲ್ಲ, ಹೆಸರಿಗೆ ತಿರುಗಲ್ಲ, ಬೆರಳು ಮಾಡಿ ತೋರಿಸಲ್ಲ, ತನಗೆ ಖುಷಿ ಆದ್ರೆ ನಿಮ್ಮ ಮುಖ ನೋಡಿ ಹಂಚ್ಕೊಳ್ಳಲ್ಲ, ಚಕ್ರ ತಿರುಗಿಸ್ತಾನೇ ಕೂರುತ್ತೆ, ಇಂಥವೆಲ್ಲ ಸೇರಿಸಿ ನೋಡ್ತಾರೆ. ಮಾತು ಇಲ್ಲದಿದ್ರೂ ನಿಮ್ಮ ಕೈ ಹಿಡ್ಕೊಂಡು ಮುಖ ನೋಡಿ ಸನ್ನೇಲೇ ಹತ್ತು ವಿಷಯ ಹೇಳೋ ಮಗುಗೂ, ನಿಮ್ಮ ಕೈನ ಡಬ್ಬಿ ತೆಗೆಯೋ ಸಾಮಾನಿನ ಥರ ಬಳಸೋ ಮಗುಗೂ ವ್ಯತ್ಯಾಸ ಇದೆ. ಆದ್ರೆ ಇದನ್ನ ಓದಿ ನೀವೇ ತೀರ್ಮಾನ ಮಾಡ್ಬೇಡಿ ದಯವಿಟ್ಟು.

ಏನು ಕಾರಣ ಅಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ ಬೇಗ. ನಾಲಿಗೆ ಕೆಳಗಿನ ಪೊರೆ ಅಂಟಿದೆ, ಕತ್ತರಿಸಿದ್ರೆ ಮಾತು ಬರುತ್ತೆ ಅಂತಾರೆ, ಅದರಿಂದ ಕೆಲವು ಅಕ್ಷರ ಸ್ಪಷ್ಟ ಆಗದೇ ಇರ್ಬಹುದು, ಆದ್ರೆ ಮಗು ಮಾತೇ ಆಡದಿರೋಕೆ ಅದು ಕಾರಣ ಆಗಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚೋದ್ರಿಂದ ಮಾತು ಬರಲ್ಲ, ಜೇನುತುಪ್ಪ ಅಂತೂ ಒಂದು ವರ್ಷದೊಳಗಿನ ಮಗುಗೆ ಕೊಡಲೇಬಾರದು. ಹರಕೆ ಹೊತ್ಕೊಳ್ಳಿ, ಬೆಟ್ಟದ ಮೆಟ್ಟಿಲು ಹತ್ತಿ, ಮನಸ್ಸಿಗೆ ಒಳ್ಳೇದು, ಇಳಿದು ಬಂದ ಮೇಲೆ ಕಿವಿ ಟೆಸ್ಟಿಗೆ ಹೋಗಿ. ಇನ್ನು ಮನೇಲಿ ಕನ್ನಡ, ಅಜ್ಜಿ ಜೊತೆ ತಮಿಳೋ ಉರ್ದುನೋ ತೆಲುಗೋ, ಹೊರಗೆ ಇಂಗ್ಲಿಷ್, ಇದರಿಂದ ಮಗುಗೆ ಕನ್ಫ್ಯೂಸ್ ಆಗಿ ಮಾತು ನಿಂತಿದೆ ಅನ್ನೋದೂ ಸರಿ ಇಲ್ಲ, ಎರಡು ಮೂರು ಭಾಷೆ ಕೇಳ್ಕೊಂಡು ಬೆಳೆಯೋ ಮಕ್ಕಳು ಮೈಸೂರಲ್ಲಿ ಬೀದಿಗೊಬ್ಬರಿದಾರೆ, ಪದ ಎಣಿಸುವಾಗ ಎಲ್ಲಾ ಭಾಷೆದೂ ಸೇರಿಸ್ಬೇಕು ಅಷ್ಟೇ. ನನಗೆ ಸಿಟ್ಟು ಬರೋದು ಇನ್ನೊಂದಕ್ಕೆ, ಎಲ್‌ಕೆಜಿ ಸೀಟಿಗೋಸ್ಕರ ಕನ್ನಡ ಬಿಟ್ಟು "ಕಮ್, ಸಿಟ್, ಈಟ್" ಅಂತ ಅಪ್ಪ ಅಮ್ಮ ತಮಗೇ ಸಲೀಸಾಗಿ ಬರದ ಭಾಷೇಲಿ ಮೂರು ಪದ ಮಾತಾಡೋದು. ಮಗುಗೆ ಬೇಕಿರೋದು ನಗು, ಗದರು, ಕಥೆ, ತಮಾಷೆ ಎಲ್ಲಾ ಇರೋ ತುಂಬು ಮಾತು, ಅದು ನಿಮ್ಮ ಬಾಯಲ್ಲಿ ಯಾವ ಭಾಷೇಲಿ ಬರುತ್ತೋ ಅದೇ ಸರಿ.

ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನೇ ಬೇಡ, ಎರಡರಿಂದ ನಾಲ್ಕು ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿ ಆದಷ್ಟು ಒಳ್ಳೇದು. ಯಾಕೆ ಅಂದ್ರೆ ಸ್ಕ್ರೀನು ಮಗು ಮಾತಿಗೆ ಕಾಯಲ್ಲ, ಮಗು "ಬಾ" ಅಂದ್ರೂ ಅದು ತನ್ನ ಪಾಡಿಗೆ ಓಡ್ತಿರುತ್ತೆ. ಅದಕ್ಕೇ ಎಬಿಸಿಡಿ ಪೂರ್ತಿ, ಬಣ್ಣ, ಪ್ರಾಣಿ ಎಲ್ಲಾ ಹೇಳೋ ಮಗು "ನೀರು ಬೇಕು" ಅನ್ನಲ್ಲ, ಇದು ಜಾಣತನ ಅಂತ ಖುಷಿ ಪಡೋದಲ್ಲ, ಥೆರಪಿಸ್ಟ್ ಹತ್ರ ಹೇಳ್ಬೇಕಾದ ವಿಷಯ. ಹಾಗಂತ ಕಿವಿ ಕೇಳ್ಸದ ಮಗುಗೆ, ಆಟಿಸಂ ಇರೋ ಮಗುಗೆ ಮೊಬೈಲೇ ಕಾರಣ ಅಂತ ಅಮ್ಮನ್ನ ಬೈಯೋದು ತಪ್ಪು, "ವರ್ಚುವಲ್ ಆಟಿಸಂ" ಅಂತ ವಾಟ್ಸಾಪಲ್ಲಿ ಓಡಾಡೋದು ವೈದ್ಯಕೀಯದಲ್ಲಿ ಒಪ್ಪಿರೋ ಕಾಯಿಲೆ ಹೆಸರಲ್ಲ.

ಈಗ ಮನೆ. ವಾರಕ್ಕೆ ಎರಡೋ ಮೂರೋ ಸಲ ಮುಕ್ಕಾಲು ಗಂಟೆ ಥೆರಪಿ ಅಂದ್ರೆ ಉಳಿದ ಹೊತ್ತೆಲ್ಲಾ ಮಗು ಮನೇಲೇ ಇರುತ್ತೆ, ಹಾಗಾಗಿ ಒಳ್ಳೇ ಥೆರಪಿಸ್ಟ್ ಮಗುಗಿಂತ ನಿಮಗೇ ಜಾಸ್ತಿ ಕಲಿಸ್ತಾರೆ. ಅವರು ಬರೀ ಆಟ ಆಡಿಸ್ತಿದಾರೆ, ಇದಕ್ಕೆ ದುಡ್ಡು ಕೊಡ್ಬೇಕಾ ಅನ್ನಿಸಿದ್ರೆ ಪಕ್ಕ ಕೂತು ನೋಡಿ, ಆ ಆಟದಲ್ಲಿ ಅವರು ಎಷ್ಟು ಸಲ ಸುಮ್ಮನಾಗ್ತಾರೆ ಅಂತ ಗಮನಿಸಿ. ಅದೇ ಗುಟ್ಟು. ಮಾತು ಅನ್ನೋದು ಚೆಂಡಾಟ, ನಾನೊಂದು ಎಸೆದೆ ನೀನೊಂದು ಎಸಿ, ನಾವು ಏನ್ ಮಾಡ್ತೀವಿ ಅಂದ್ರೆ ಮಗು ಮೊದಲನೇ ಚೆಂಡು ಹಿಡಿಯೋ ಮುಂಚೆ ಇನ್ನು ನಾಲ್ಕು ಎಸೀತೀವಿ. ಏನಾದ್ರೂ ಹೇಳಿ, ಆಮೇಲೆ ಮನಸ್ಸಲ್ಲೇ ಐದು ಎಣಿಸ್ಕೊಂಡು ಮುಖ ನೋಡ್ತಾ ಕಾಯ್ಬೇಕು. ಒಂದೇ ಮಗು ಇರೋ ಮನೇಲಿ ಇದು ಅಪ್ಪ ಅಮ್ಮನಿಗಿಂತ ಅಜ್ಜಿ ತಾತನಿಗೆ ಕಷ್ಟ, ಸುಮ್ಮನೆ ಕಾಯೋದು ಅಂದ್ರೆ ಅವರಿಗೆ ಮಗುನ ಸತಾಯಿಸಿದ ಹಾಗೆ. ಅವರಿಗೆ ಥಿಯರಿ ಹೇಳೋದಕ್ಕಿಂತ ಒಂದು ದಿನ ಥೆರಪಿಗೆ ಕರ್ಕೊಂಡು ಹೋಗಿ ಕೂರಿಸೋದು ವಾಸಿ, ಬಿಳಿ ಕೋಟು ಹಾಕ್ಕೊಂಡೋರು ಹೇಳಿದ್ರೆ ಸೊಸೆ ಹೇಳಿದ್ದಕ್ಕಿಂತ ಬೆಲೆ ಜಾಸ್ತಿ, ಇದನ್ನ ನಾನೇನು ಬಿಡಿಸಿ ಹೇಳ್ಬೇಕಿಲ್ಲ.

"ಇದೇನು? ಹೇಳು, ಇದೇನು? ಕಾಗೆ ಅನ್ನು, ಅನ್ನು" ಅನ್ನೋ ಪರೀಕ್ಷೆ ನಿಲ್ಲಿಸ್ಬೇಕು, ಅದರಲ್ಲೂ ನೆಂಟರ ಮುಂದೆ. ಅದರ ಬದಲು ಮಗು ಏನ್ ನೋಡ್ತಿದೆಯೋ ಅದನ್ನೇ ನೀವು ಹೇಳಿ, "ಕಾಗೆ ಬಂತು, ಕಾಗೆ ಕೂತ್ಕೊಳ್ತು, ಹಾರಿ ಹೋಯ್ತು." ನೀವು ರೊಟ್ಟಿ ತಟ್ಟುವಾಗ "ತಟ್ಟು ತಟ್ಟು, ಬಿಸಿ ಬಿಸಿ, ತಿರುವಿ ಹಾಕು" ಅಂತ ಕೆಲಸದ ಜೊತೆ ಮಾತು ಸೇರಿಸಿ, ಸಣ್ಣ ಸಣ್ಣ ವಾಕ್ಯ. ಮಗು "ಬಸ್ಸು" ಅಂದ್ರೆ "ಹೂಂ, ಕೆಂಪು ಬಸ್ಸು" ಅಂತ ಒಂದು ಪದ ಸೇರಿಸಿ ವಾಪಸ್ ಕೊಡಿ, ಅದು "ತಾದೆ" ಅಂದ್ರೆ "ತಾದೆ ಅಲ್ಲ ಕಾಗೆ" ಅಂತ ತಿದ್ದದೇ "ಹೌದು, ಕಾಗೆ" ಅಂತ ಸರಿಯಾಗಿ ನೀವು ಹೇಳಿದ್ರೆ ಸಾಕು. ಬರೀ ಹೆಸರುಗಳನ್ನ ಕಲಿಸೋದು ನಮ್ಮ ಚಾಳಿ, ಹಣ್ಣು ತರಕಾರಿ ಪ್ರಾಣಿ ಚಾರ್ಟು ಗೋಡೆ ತುಂಬಾ, ಮಗುಗೆ ನಿಜವಾಗಿ ಉಪಯೋಗಕ್ಕೆ ಬರೋದು "ಬಾ, ಕೊಡು, ಬೇಡ, ಇನ್ನೂ, ಆಯ್ತು, ತೆಗಿ, ಎತ್ಕೋ" ಇಂಥವು. ಇವುಗಳಿಂದ ಕೆಲಸ ಆಗುತ್ತೆ, ಕೆಲಸ ಆದ್ರೆ ಮಗು ಮತ್ತೆ ಹೇಳುತ್ತೆ.

ಕೇಳೋ ಅವಕಾಶ ಸೃಷ್ಟಿ ಮಾಡ್ಬೇಕು. ಬಿಸ್ಕತ್ ಡಬ್ಬಿ ಕಾಣೋ ಹಾಗೆ ಸ್ವಲ್ಪ ಎತ್ತರದಲ್ಲಿ ಇಡಿ, ಮುಚ್ಚಳ ಬಿಗಿ ಮಾಡಿ ಕೈಗೆ ಕೊಡಿ, ತಟ್ಟೆಗೆ ಎರಡೇ ತುಂಡು ದೋಸೆ ಹಾಕಿ, "ಬಾಳೆಹಣ್ಣು ಬೇಕಾ, ಸೀಬೆಹಣ್ಣು ಬೇಕಾ" ಅಂತ ಎರಡೂ ತೋರಿಸಿ. ಮಗು ನೋಡಿದ್ರೂ, ಕೈ ಮಾಡಿದ್ರೂ, ಒಂದು ಸದ್ದು ಮಾಡಿದ್ರೂ ಅದು ಉತ್ತರನೇ, ಆ ಪದ ನೀವು ಹೇಳಿ ಕೊಟ್ಬಿಡಿ. "ಬಾಯಲ್ಲಿ ಹೇಳಿದ್ರೆ ಮಾತ್ರ ಕೊಡ್ತೀನಿ" ಅಂತ ಹಟ ಮಾಡಿದ್ರೆ ಅದು ಅಳು, ಕಚ್ಚೋದು, ತಲೆ ಚಚ್ಚಿಕೊಳ್ಳೋದು ಕಡೆ ತಿರುಗುತ್ತೆ, ಮಾತಿನ ಮೇಲೇ ಬೇಜಾರು ಬರುತ್ತೆ. ಥೆರಪಿಸ್ಟ್ ಸನ್ನೆ ಕಲಿಸಿ, ಚಿತ್ರದ ಕಾರ್ಡ್ ಬಳಸಿ ಅಂದ್ರೆ "ಆಮೇಲೆ ಅದಕ್ಕೇ ಅಭ್ಯಾಸ ಆಗಿ ಮಾತೇ ಬರಲ್ಲ" ಅನ್ನೋ ಭಯ ಬಿಡಿ, ಸನ್ನೆ ಚಿತ್ರ ಬಳಸೋದು ಮಾತಿಗೆ ಅಡ್ಡ ಬರಲ್ಲ ಅಂತಾನೇ ಅಧ್ಯಯನಗಳು ತೋರಿಸಿರೋದು.

ಜೊತೆ ಆಡೋ ಮಕ್ಕಳು ಬೇಕಾ ಅಂದ್ರೆ ಬೇಕು, ಅದು ಬೇರೆ ಕಾರಣಕ್ಕೆ. ದೊಡ್ಡೋರು ಮಗುಗೆ ತಕ್ಕ ಹಾಗೆ ಬಗ್ತಾರೆ, ಅದರ ಸರದಿಗೆ ಕಾಯ್ತಾರೆ, ಸೋತು ಕೊಡ್ತಾರೆ. ಇನ್ನೊಂದು ಮೂರು ವರ್ಷದ ಮಗು ಏನೂ ಬಗ್ಗಲ್ಲ, ಕಾರ್ ಕಿತ್ಕೊಂಡು ಓಡುತ್ತೆ, "ನಂದು" ಅನ್ನೋ ಪದದ ಅವಶ್ಯಕತೆ ಆಗ ಬರುತ್ತೆ. ಅಂಗನವಾಡಿ, ಪಾರ್ಕು, ರಜಾಕ್ಕೆ ಬಂದ ಅತ್ತೆ ಮಕ್ಕಳು, ವಠಾರ ಇದ್ರಂತೂ ಕೇಳೋದೇ ಬೇಡ. ಆದ್ರೆ ಇಪ್ಪತ್ತು ಮಕ್ಕಳ ಗದ್ದಲದೊಳಗೆ ತಂದು ಬಿಟ್ರೆ ಮಾತು ಬಂದ್ಬಿಡಲ್ಲ, ಮೊದಲು ಒಂದೇ ಒಂದು ಮಗು ಜೊತೆ, ಪಕ್ಕದಲ್ಲಿ ನೀವು ಕೂತ್ಕೊಂಡು, ಅರ್ಧ ಗಂಟೆ ಸಾಕು. ಪ್ಲೇಹೋಮಿಗೆ ಹಾಕಿದ್ರೆ ಸರಿಹೋಗುತ್ತೆ ಅಂತ ಥೆರಪಿ ನಿಲ್ಲಿಸೋದೂ ಬೇಡ, ಎರಡೂ ಜೊತೆಗೆ ನಡೀಲಿ.

ಸ್ಕೂಲ್ ಅಡ್ಮಿಶನ್ ಹೊತ್ತಲ್ಲಿ ಈ ಮನೆಗಳಲ್ಲಿ ಶುರುವಾಗೋ ಸಂಕಟ ಬೇರೆ. "ವಾಟ್ ಈಸ್ ಯುವರ್ ನೇಮ್" ಅಂದ್ರೆ ಮಗು ಟೇಬಲ್ ಕೆಳಗೆ ನೋಡುತ್ತೆ, ಅಪ್ಪ ಬೆವರ್ತಾನೆ. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ ಮಗುನ ಪರೀಕ್ಷೆ ಮಾಡಿ ಸೀಟು ಕೊಡೋ ಹಾಗಿಲ್ಲ, ಇದು ಎಷ್ಟು ಜಾರಿಯಲ್ಲಿದೆ ಅಂತ ನಿಮಗೇ ಗೊತ್ತು. ಮಾತು ತಡ ಇರೋದನ್ನ ಮುಚ್ಚಿಟ್ಟು ಸೇರಿಸೋಕಿಂತ ಥೆರಪಿಸ್ಟ್ ಹತ್ರ ಒಂದು ಪತ್ರ ಬರೆಸ್ಕೊಂಡು ಕ್ಲಾಸ್ ಟೀಚರ್‌ಗೆ ಕೊಟ್ರೆ ಒಳ್ಳೇದು, ಅದರಲ್ಲಿ ಮಗುಗೆ ಏನು ಅರ್ಥ ಆಗುತ್ತೆ, ಟಾಯ್ಲೆಟ್‌ಗೆ ಹೋಗ್ಬೇಕಾದ್ರೆ ಯಾವ ಸನ್ನೆ ಮಾಡುತ್ತೆ ಅನ್ನೋ ಉಪಯೋಗದ ವಿಷಯ ಇರ್ಲಿ. ಅಂಗವಿಕಲ ಸರ್ಟಿಫಿಕೇಟ್ ಬೇಕಾ ಅಂತ ಕೇಳ್ತಾರೆ, ಬರೀ ತಡ ಇರೋ ಚಿಕ್ಕ ಮಗುಗೆ ಅದರ ಅವಸರ ಇಲ್ಲ, ಕಿವುಡು, ಆಟಿಸಂ, ಶಾಶ್ವತವಾಗಿ ಉಳಿಯೋ ಮಾತಿನ ತೊಂದರೆ ಅಂತ ಖಚಿತ ಆದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ಬಗೆಗಳಲ್ಲಿ ಇವೆಲ್ಲ ಬರ್ತವೆ, ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸವಲತ್ತು ಸಿಗುತ್ತೆ, ಮಾಡಿಸೋಕೆ ಹಿಂಜರೀಬೇಡಿ.

ಅಪ್ಪ ಅಮ್ಮನ ಪಾಡು ಹೇಳ್ಬೇಕು ಒಂಚೂರು. ಎರಡು ಮೂರು ಮಕ್ಕಳಿದ್ರೆ ಚಿಂತೆ ಹಂಚಿ ಹೋಗುತ್ತೆ, ಇಲ್ಲಿ ಇರೋ ಆಸೆ, ಭಯ, ಫೋನಲ್ಲಿ ತೆಗೆದ ವಿಡಿಯೋ ಎಲ್ಲಾ ಒಂದೇ ಮಗು ಮೇಲೆ. ದಿನಾ ಪದ ಎಣಿಸ್ತಾ, ಪಕ್ಕದ ಮನೆ ಮಗು ಜೊತೆ ಹೋಲಿಸ್ತಾ ಇದ್ರೆ ಆಟವೂ ಪರೀಕ್ಷೆ ಆಗ್ಬಿಡುತ್ತೆ, ಮಗುಗೆ ಅದು ಥಟ್ಟನೆ ಗೊತ್ತಾಗುತ್ತೆ. ತಿಂಗಳಿಗೊಂದು ಸಲ ಪದಗಳ ಪಟ್ಟಿ ಬರೆದಿಟ್ರೆ ಸಾಕು. ಥೆರಪಿಗೆ ಅಮ್ಮನೇ ಹೋಗೋದು, ಕೆಲಸ ಬಿಡೋದೂ ಅಮ್ಮನೇ, ಕೊನೆಗೆ "ನೀನು ಮಗು ಜೊತೆ ಮಾತಾಡಲ್ಲ ಅದಕ್ಕೇ" ಅಂತ ಅನ್ನಿಸ್ಕೊಳ್ಳೋದೂ ಅಮ್ಮನೇ. ಅಪ್ಪಂದಿರು ದಿನಾ ಸಂಜೆ ಸ್ನಾನ ಮಾಡಿಸೋ ಹೊತ್ತೋ, ಗಾಡೀಲಿ ಒಂದು ರೌಂಡು ಹೋಗೋ ಹೊತ್ತೋ ಯಾವುದಾದ್ರೂ ಒಂದನ್ನ ಪೂರ್ತಿ ತಮ್ಮದು ಮಾಡ್ಕೊಂಡು ಅಲ್ಲಿ ಮಾತಾಡಿದ್ರೆ ಅದೂ ಥೆರಪಿನೇ, ಅಮ್ಮನಿಗೂ ಉಸಿರು ಬಿಡೋಕೆ ಅರ್ಧ ಗಂಟೆ.

ಮಾತು ಶುರುವಾದ ಮೇಲೆ ಒಂದು ವಿಷಯ ಮರೀತಾರೆ ಜನ. ನಾಲ್ಕು ವರ್ಷಕ್ಕೆ ಪಟಪಟ ಮಾತಾಡ್ತಿದಾನೆ ಅಂತ ಫೈಲು ಅಟ್ಟಕ್ಕೆ ಎಸೀತಾರೆ, ಆದ್ರೆ ಮಾತು ತಡ ಆದ ಮಕ್ಕಳಲ್ಲಿ ಕೆಲವರಿಗೆ ಒಂದನೇ ಎರಡನೇ ಕ್ಲಾಸಲ್ಲಿ ಓದೋದು, ಒತ್ತಕ್ಷರ ಬರೆಯೋದು, ನಡೆದದ್ದನ್ನ ಸಾಲಾಗಿ ಹೇಳೋದು ತೊಡಕಾಗುತ್ತೆ. "ರ" ಬದಲು "ಲ" ಅನ್ನೋದು ನಾಲ್ಕು ವರ್ಷಕ್ಕೆ ದೊಡ್ಡ ವಿಷಯ ಅಲ್ಲ, ಹೊರಗಿನೋರಿಗೆ ಮಗು ಮಾತು ಬಹುಪಾಲು ಅರ್ಥ ಆಗ್ತಿಲ್ಲ ಅಂದ್ರೆ ಮತ್ತೆ ತೋರಿಸ್ಬೇಕು. ಒಂದನೇ ಕ್ಲಾಸ್ ಮುಗಿಯೋದ್ರೊಳಗೆ ಒಂದು ಸಲ ರಿವ್ಯೂಗೆ ಹೋಗಿ ಬನ್ನಿ, ಹಳೇ ಫೈಲು, ಕಿವಿ ರಿಪೋರ್ಟು, ಆ ತಿಂಗಳ ತಿಂಗಳ ಪದದ ಪಟ್ಟಿ ಎಲ್ಲಾ ತಗೊಂಡು ಹೋಗಿ, ಮೊದಲು ಹೇಗಿತ್ತು ಅಂತ ಅವರು ಕೇಳೇ ಕೇಳ್ತಾರೆ.